ಕಳುಹಿಸಿದ ಕಡತ, ಸೇರಿದ ಕಡತ: ವೆಬ್ ಸರ್ವರಿನಲ್ಲಿ ಕೋರಿಕೆಯ ಒಡಲಿನ ಶೇಖರಣೆ ಮತ್ತು ಹರಿವು

ಅಧ್ಯಯನ ಪಾಠ
ಬಳ್ಳಾರಿ, ಸಿರುಗುಪ್ಪ ಮತ್ತು ಕುರುಗೋಡು ತಾಲ್ಲೂಕುಗಳ ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳು, ಡಾಟಾ ಎಂಟ್ರಿ ಆಪರೇಟರುಗಳು ಹಾಗೂ ತಾಲ್ಲೂಕು ಪಂಚಾಯತ್ ತಾಂತ್ರಿಕ ಸಿಬ್ಬಂದಿಯ ಅಭ್ಯಾಸಕ್ಕಾಗಿ

1. ಪೀಠಿಕೆ

ಗ್ರಾಮ ಪಂಚಾಯತಿಯ ದೈನಂದಿನ ಕೆಲಸದಲ್ಲಿ ಕಾಗದ ಹೊತ್ತು ತಾಲ್ಲೂಕು ಕಚೇರಿಗೆ ಹೋಗುವ ಸಂದರ್ಭಗಳು ಕಡಿಮೆಯಾಗಿ, ಛಾಯಾಚಿತ್ರ ಮತ್ತು ಪಿಡಿಎಫ್ ಕಡತಗಳನ್ನು ಅಂತರ್ಜಾಲದ ಮೂಲಕ ಕಳುಹಿಸುವ ಸಂದರ್ಭಗಳು ಹೆಚ್ಚಾಗಿವೆ. ಉದ್ಯೋಗ ಖಾತರಿ ಕಾಮಗಾರಿಗಳ ಹಾಜರಾತಿಗಾಗಿ 2021ರಲ್ಲಿ ಆರಂಭಗೊಂಡ ಎನ್‌ಎಂಎಂಎಸ್ ಆ್ಯಪ್ 2023ರ ಜನವರಿ 1ರಿಂದ, ವೈಯಕ್ತಿಕ ಫಲಾನುಭವಿ ಕಾಮಗಾರಿಗಳನ್ನು ಹೊರತುಪಡಿಸಿ, ಉಳಿದೆಲ್ಲ ಕಾಮಗಾರಿಗಳಿಗೆ ಕಡ್ಡಾಯವಾಯಿತು. ದಿನಕ್ಕೆ ಎರಡು ಬಾರಿ ಸ್ಥಳ ಮತ್ತು ಸಮಯದ ಗುರುತುಳ್ಳ ಛಾಯಾಚಿತ್ರವನ್ನು ಕಳುಹಿಸುವ ಕ್ರಮ ಅದರೊಂದಿಗೆ ಬಂದಿತು. ವಸತಿ ಯೋಜನೆಗಳಲ್ಲಿ ತಳಪಾಯ, ಲಿಂಟಲ್, ಛಾವಣಿ ಎಂಬ ಹಂತಗಳ ಜಿಪಿಎಸ್ ಛಾಯಾಚಿತ್ರಗಳು ಸೇರಿದ ಮೇಲೆಯೇ ಕಂತಿನ ಹಣ ಮುಂದೆ ಸಾಗುತ್ತದೆ. ಆದ್ದರಿಂದ ಒಂದು ಕಡತ ಸರಿಯಾಗಿ ಸೇರಿತೇ ಇಲ್ಲವೇ ಎಂಬ ಪ್ರಶ್ನೆ ಕೇವಲ ಯಂತ್ರಕ್ಕೆ ಸಂಬಂಧಿಸಿದ್ದಲ್ಲ. ಕೆರೆಯ ಹೂಳೆತ್ತಿದ ಕೂಲಿಕಾರರ ದಿನಗೂಲಿಗೂ, ಅರ್ಧ ಗೋಡೆ ಎಬ್ಬಿಸಿ ಕಂತಿಗಾಗಿ ಕಾಯುತ್ತಿರುವ ಕುಟುಂಬಕ್ಕೂ ಸಂಬಂಧಿಸಿದ್ದು.

ಇಂತಹ ಕೆಲಸದಲ್ಲಿ ಪದೇ ಪದೇ ಎದುರಾಗುವ ಒಂದು ತಕರಾರು ಇದೆ. ಆಪರೇಟರು "ಪರದೆಯ ಮೇಲೆ ಶೇಕಡಾ 100 ಎಂದು ಬಂದಿತ್ತು, ಕಡತ ಹೋಗಿದೆ" ಎನ್ನುತ್ತಾರೆ. ಸಹಾಯವಾಣಿಯವರು "ನಮ್ಮ ತಂತ್ರಾಂಶದಲ್ಲಿ ಅಂತಹ ಪ್ರಯತ್ನದ ಗುರುತೇ ಇಲ್ಲ" ಎನ್ನುತ್ತಾರೆ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂಬ ಅನುಮಾನ ಸಹಜ. ವಾಸ್ತವದಲ್ಲಿ ಇಬ್ಬರ ಮಾತೂ ಏಕಕಾಲಕ್ಕೆ ನಿಜವಾಗಿರಲು ಸಾಧ್ಯ. ಅದು ಹೇಗೆಂಬುದನ್ನು ಅರಿಯಬೇಕಾದರೆ, ಕಳುಹಿಸಿದ ಕಡತವನ್ನು ವೆಬ್ ಸರ್ವರು ಎಲ್ಲಿ ತಡೆದು ನಿಲ್ಲಿಸಿಕೊಳ್ಳುತ್ತದೆ, ಎಲ್ಲಿ ಹರಿಯಬಿಡುತ್ತದೆ ಎಂಬುದನ್ನು ತಿಳಿಯಬೇಕು. ಈ ಪಾಠದ ಉದ್ದೇಶ ಅದೇ ಆಗಿದೆ. ಯಾವುದೇ ಒಂದು ಸರ್ಕಾರಿ ಜಾಲತಾಣದ ಒಳಜೋಡಣೆಯನ್ನು ಇಲ್ಲಿ ವಿವರಿಸಿಲ್ಲ. ಎಲ್ಲೆಡೆ ಬಳಕೆಯಲ್ಲಿರುವ ಎಂಜಿನ್‌ಎಕ್ಸ್, ಅಪಾಚೆ ಮತ್ತು ಪಿಎಚ್‌ಪಿ ತಂತ್ರಾಂಶಗಳ ಮೂಲ ಜೋಡಣೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

2. ಕೋರಿಕೆಯ ಎರಡು ಭಾಗಗಳು

ಬ್ರೌಸರು ಅಥವಾ ಆ್ಯಪ್ ಸರ್ವರಿಗೆ ಕಳುಹಿಸುವ ಪ್ರತಿಯೊಂದು ಸಂದೇಶವನ್ನೂ ಕೋರಿಕೆ ಎನ್ನಬಹುದು. ಕಚೇರಿಯ ಪತ್ರ ವ್ಯವಹಾರದಂತೆಯೇ ಕೋರಿಕೆಗೂ ಎರಡು ಭಾಗಗಳಿವೆ. ಮೊದಲನೆಯದು ಹೆಡರ್; ಇದು ಮುಖಪತ್ರವಿದ್ದಂತೆ. ಯಾರಿಗೆ, ಯಾವ ವಿಷಯ, ಲಗತ್ತು ಯಾವ ಬಗೆಯದು, ಎಷ್ಟು ದೊಡ್ಡದು ಎಂಬ ವಿವರ ಇದರಲ್ಲಿರುತ್ತದೆ. ಎರಡನೆಯದು ಒಡಲು, ಇದು ಲಗತ್ತುಗಳಿದ್ದಂತೆ. ಛಾಯಾಚಿತ್ರ, ಪಿಡಿಎಫ್, ನಮೂನೆಯಲ್ಲಿ ತುಂಬಿದ ಹೆಸರು, ಸಂಖ್ಯೆ ಎಲ್ಲವೂ ಒಡಲಿನಲ್ಲಿಯೇ ಸಾಗುತ್ತವೆ. ಹೆಡರ್ ಕೆಲವೇ ಕೆಬಿ ಇರುತ್ತದೆ. ಒಡಲು ಹಲವು ಎಂಬಿ ಇರಬಹುದು.

ವೆಬ್ ಪುಟದ ನಮೂನೆಯೊಂದಿಗೆ ಕಡತವನ್ನು ಕಳುಹಿಸುವ ಪದ್ಧತಿಯನ್ನು 1995ರ ನವೆಂಬರಿನಲ್ಲಿ ಪ್ರಕಟವಾದ ಆರ್‌ಎಫ್‌ಸಿ 1867 ಎಂಬ ಪತ್ರ ರೂಪಿಸಿತು. ಇಂದಿಗೂ ಅದೇ ಮಲ್ಟಿಪಾರ್ಟ್ ವಿಧಾನ ಬಳಕೆಯಲ್ಲಿದೆ. ಒಂದೇ ಒಡಲಿನೊಳಗೆ ಹಲವು ಭಾಗಗಳಿದ್ದು, ಎರಡು ಭಾಗಗಳ ನಡುವೆ ಗಡಿಗುರುತೊಂದು ಇರುತ್ತದೆ.

ಒಡಲು ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ಸರ್ವರಿಗೆ ತಿಳಿಸಲು ಎಚ್‌ಟಿಟಿಪಿ 1.1ರಲ್ಲಿ ಎರಡು ದಾರಿಗಳಿವೆ. ಒಂದು, ಒಟ್ಟು ಬೈಟುಗಳ ಸಂಖ್ಯೆಯನ್ನು ಕಂಟೆಂಟ್ ಲೆಂಗ್ತ್ ಎಂಬ ಹೆಡರಿನಲ್ಲಿ ಮೊದಲೇ ಹೇಳುವುದು. ಇನ್ನೊಂದು, ಒಟ್ಟು ಗಾತ್ರ ಮೊದಲೇ ತಿಳಿಯದಿದ್ದಾಗ ಒಡಲನ್ನು ತುಂಡು ತುಂಡಾಗಿ ಕಳುಹಿಸುವುದು. ಪ್ರತಿ ತುಂಡಿನ ಮೊದಲು ಅದರ ಗಾತ್ರ ಬರುತ್ತದೆ, ಸೊನ್ನೆ ಗಾತ್ರದ ತುಂಡು ಬಂದಾಗ ಒಡಲು ಮುಗಿಯಿತೆಂದು ಅರ್ಥ. ಎರಡೂ ಸಂದರ್ಭಗಳಲ್ಲಿ ನಿಯಮ ಒಂದೇ: ಹೇಳಿದಷ್ಟು ಬೈಟುಗಳು ಬಾರದೆ, ಅಥವಾ ಕೊನೆಯ ಸೊನ್ನೆ ತುಂಡು ಬಾರದೆ ಸಂಪರ್ಕ ಕಡಿದುಹೋದರೆ ಆ ಕೋರಿಕೆ ಅಪೂರ್ಣ. ನೂರರಲ್ಲಿ ತೊಂಬತ್ತೊಂಬತ್ತು ಭಾಗ ಬಂದಿದ್ದರೂ ಅದು ಅಪೂರ್ಣವೇ.

3. ಬೈಟುಗಳು ಸಾಗುವ ಕಾಲುವೆ

ಒಡಲು ಒಂದೇ ಏಟಿಗೆ ಸರ್ವರನ್ನು ತಲುಪುವುದಿಲ್ಲ. ಅದು ಸಣ್ಣ ಸಣ್ಣ ಪೊಟ್ಟಣಗಳಾಗಿ ಬರುತ್ತದೆ. ಬಂದ ಪೊಟ್ಟಣಗಳನ್ನು ಸರ್ವರ್ ಯಂತ್ರದ ಕಾರ್ಯಾಚರಣ ವ್ಯವಸ್ಥೆ ಮೊದಲು ಒಂದು ಚಿಕ್ಕ ತೊಟ್ಟಿಯಲ್ಲಿ ಇಟ್ಟುಕೊಳ್ಳುತ್ತದೆ. ವೆಬ್ ಸರ್ವರು ಆ ತೊಟ್ಟಿಯಿಂದ ಎತ್ತಿಕೊಳ್ಳುತ್ತಾ ಹೋದಂತೆ ತೊಟ್ಟಿಯಲ್ಲಿ ಜಾಗ ಬಿಡುವಾಗುತ್ತದೆ. ಎಷ್ಟು ಜಾಗವಿದೆ ಎಂಬುದನ್ನು ಯಂತ್ರವು ಕಳುಹಿಸುವವರಿಗೆ ಆಗಾಗ ತಿಳಿಸುತ್ತಿರುತ್ತದೆ. ವೆಬ್ ಸರ್ವರು ಎತ್ತಿಕೊಳ್ಳುವುದನ್ನು ನಿಲ್ಲಿಸಿದರೆ ತೊಟ್ಟಿ ತುಂಬುತ್ತದೆ. "ಜಾಗ ಸೊನ್ನೆ" ಎಂಬ ಸೂಚನೆ ಹೋಗುತ್ತದೆ. ಕಳುಹಿಸುವ ಮೊಬೈಲು ತಾನಾಗಿಯೇ ನಿಲ್ಲುತ್ತದೆ.

ತುಂಗಭದ್ರಾ ಬಲದಂಡೆಯ ಮೇಲ್ಮಟ್ಟದ ಮತ್ತು ಕೆಳಮಟ್ಟದ ಕಾಲುವೆಗಳನ್ನು ಕಂಡವರಿಗೆ ಇದು ಹೊಸದಲ್ಲ. ಹೊಲದ ತೂಬು ಮುಚ್ಚಿದರೆ ಹೊಲಗಾಲುವೆಯಲ್ಲಿ ನೀರು ಏರುತ್ತದೆ. ಅದು ಏರಿದರೆ ವಿತರಣಾ ಕಾಲುವೆಯ ಗೇಟನ್ನು ಇಳಿಸಬೇಕಾಗುತ್ತದೆ. ಕೆಳಗಿನ ತಡೆ ಮೇಲಿನವರೆಗೂ ಮುಟ್ಟುತ್ತದೆ. ಸರ್ವರುಗಳ ಲೋಕದಲ್ಲಿ ಇದನ್ನು ಹಿಮ್ಮುಖ ಒತ್ತಡ ಎನ್ನಬಹುದು. ಇದು ದೋಷವಲ್ಲ, ರಕ್ಷಣೆ. ಇದಿಲ್ಲದಿದ್ದರೆ ವೇಗವಾಗಿ ಕಳುಹಿಸುವವರು ನಿಧಾನವಾಗಿ ಕೆಲಸ ಮಾಡುವ ಸರ್ವರಿನ ಸ್ಮೃತಿಯನ್ನು ತುಂಬಿ ಅದನ್ನು ಉರುಳಿಸಿಬಿಡುತ್ತಿದ್ದರು.

4. ಮೊದಲನೆಯ ವಿಧಾನ: ಪೂರ್ತಿ ಶೇಖರಿಸಿ ನಂತರ ಒಪ್ಪಿಸುವುದು

ಬಹುತೇಕ ದೊಡ್ಡ ಜಾಲತಾಣಗಳಲ್ಲಿ ಎರಡು ಸ್ತರಗಳಿರುತ್ತವೆ. ಹೊರಗಿನಿಂದ ಬರುವ ಸಂಪರ್ಕಗಳನ್ನು ಮುಂಬಾಗಿಲ ಸರ್ವರು ಸ್ವೀಕರಿಸುತ್ತದೆ. ಕಡತವನ್ನು ಪರಿಶೀಲಿಸಿ ದತ್ತಾಂಶಕೋಶದಲ್ಲಿ ದಾಖಲಿಸುವ ಕೆಲಸವನ್ನು ಹಿಂದಿನ ಅನ್ವಯ ತಂತ್ರಾಂಶ ಮಾಡುತ್ತದೆ. ಕಚೇರಿಯಲ್ಲಿ ಟಪಾಲು ಶಾಖೆ ಮತ್ತು ವಿಷಯ ನಿರ್ವಾಹಕರ ನಡುವೆ ಇರುವ ಸಂಬಂಧವೇ ಇಲ್ಲಿಯೂ ಇದೆ.

ಮುಂಬಾಗಿಲ ಸರ್ವರಾಗಿ ಎಂಜಿನ್‌ಎಕ್ಸ್ ಇದ್ದರೆ, ಅದರ ಮೂಲ ಜೋಡಣೆಯಲ್ಲಿ ಒಡಲು ಪೂರ್ತಿ ಬಂದು ಸೇರುವವರೆಗೆ ಅನ್ವಯಕ್ಕೆ ಸುದ್ದಿಯೇ ಹೋಗುವುದಿಲ್ಲ. ಬರುವ ಒಡಲಿಗಾಗಿ ಅದು ಮೊದಲು ಸ್ಮೃತಿಯಲ್ಲಿ ಸಣ್ಣ ಜಾಗವನ್ನು ಕಾಯ್ದಿರಿಸುತ್ತದೆ. 64 ಬಿಟ್ ಯಂತ್ರಗಳಲ್ಲಿ ಇದು ಸಾಮಾನ್ಯವಾಗಿ 16 ಕೆಬಿ. ಒಡಲು ಅಷ್ಟರಲ್ಲಿ ಹಿಡಿಸದಿದ್ದರೆ ಡಿಸ್ಕಿನ ಮೇಲೆ ತಾತ್ಕಾಲಿಕ ಕಡತವೊಂದನ್ನು ತೆರೆದು ಅದರಲ್ಲಿ ಬರೆಯುತ್ತಾ ಹೋಗುತ್ತದೆ. ಕೊನೆಯ ಬೈಟು ಬಂದ ನಂತರ ಇಡೀ ಒಡಲನ್ನು ಅನ್ವಯಕ್ಕೆ ಒಪ್ಪಿಸುತ್ತದೆ. ಇದನ್ನೇ ಬಫರಿಂಗ್, ಅಂದರೆ ತಾತ್ಕಾಲಿಕ ಶೇಖರಣೆ ಎನ್ನುತ್ತಾರೆ.

ಬಳ್ಳಾರಿ ನಗರಕ್ಕೆ ಕುಡಿಯುವ ನೀರು ಒದಗಿಸುವ ಅಲ್ಲೀಪುರ ಕೆರೆ ಇದಕ್ಕೆ ಒಳ್ಳೆಯ ಹೋಲಿಕೆ. ಕಾಲುವೆಯಲ್ಲಿ ನೀರು ಬರುವ ದಿನಗಳೂ ವೇಗವೂ ನಗರದ ಅಗತ್ಯಕ್ಕೆ ಹೊಂದುವುದಿಲ್ಲ. ನಡುವೆ ಕೆರೆಯಿರುವುದರಿಂದ ಕಾಲುವೆಯ ಏರಿಳಿತ ನಗರದ ನಲ್ಲಿಗೆ ತಟ್ಟುವುದಿಲ್ಲ. ಹಾಗೆಯೇ ಮುಂಬಾಗಿಲಿನ ಶೇಖರಣೆಯಿರುವಾಗ ಹಳ್ಳಿಯ ಮೊಬೈಲ್ ಜಾಲದ ಏರಿಳಿತ ಅನ್ವಯಕ್ಕೆ ತಟ್ಟುವುದಿಲ್ಲ.

5. ಎರಡನೆಯ ವಿಧಾನ: ಬಂದಂತೆ ಹರಿಸುವುದು

ಎರಡನೆಯ ವಿಧಾನದಲ್ಲಿ ಮುಂಬಾಗಿಲ ಸರ್ವರು ಹೆಡರನ್ನು ಓದಿದ ಕೂಡಲೇ ಅನ್ವಯದೊಂದಿಗೆ ಸಂಪರ್ಕ ಕಲ್ಪಿಸಿ, ಬೈಟುಗಳು ಬಂದ ಹಾಗೆಯೇ ದಾಟಿಸುತ್ತದೆ. ಎಂಜಿನ್‌ಎಕ್ಸ್‌ನಲ್ಲಿ ಈ ಆಯ್ಕೆ 2015ರಲ್ಲಿ ಬಿಡುಗಡೆಯಾದ 1.7.11ನೆಯ ಆವೃತ್ತಿಯಿಂದ ಲಭ್ಯವಿದೆ. ಪ್ರಾಕ್ಸಿ ರಿಕ್ವೆಸ್ಟ್ ಬಫರಿಂಗ್ ಎಂಬ ಸೂಚನೆಯನ್ನು ಆಫ್ ಮಾಡಿದರೆ ಶೇಖರಣೆ ನಿಂತು ಹರಿವು ಆರಂಭವಾಗುತ್ತದೆ. ಇದನ್ನು ಸ್ಟ್ರೀಮಿಂಗ್ ಎನ್ನುತ್ತಾರೆ.

ಹರಿವಿನ ಅನುಕೂಲಗಳು ಮೂರು. ಮೊದಲನೆಯದು, ದೊಡ್ಡ ಕಡತ ಎರಡು ಬಾರಿ ಡಿಸ್ಕಿಗೆ ಬರೆಯಲ್ಪಡುವುದಿಲ್ಲ. 500 ಎಂಬಿಯ ವಿಡಿಯೋ ಒಂದನ್ನು ಮುಂಬಾಗಿಲಿನಲ್ಲಿ ಒಮ್ಮೆ, ಅಂತಿಮ ಸಂಗ್ರಹದಲ್ಲಿ ಇನ್ನೊಮ್ಮೆ ಬರೆಯುವ ಅಗತ್ಯ ತಪ್ಪುತ್ತದೆ. ಎರಡನೆಯದು, ಕಡತದ ಮೊದಲ ಕೆಲವು ಬೈಟುಗಳಲ್ಲಿಯೇ ಅದು ಜೆಪಿಇಜಿಯೋ ಪಿಡಿಎಫೋ ಎಂಬ ಗುರುತು ಇರುವುದರಿಂದ, ತಪ್ಪು ಬಗೆಯ ಕಡತವನ್ನು ಪೂರ್ತಿ ಬರುವ ಮೊದಲೇ ತಿರಸ್ಕರಿಸಬಹುದು. ಮೂರನೆಯದು, ಅನ್ವಯವು 16 ಕೆಬಿಯಂತಹ ಸಣ್ಣ ತುಂಡುಗಳಲ್ಲಿ ಓದಿ ಬರೆದು ಮುಂದೆ ಸಾಗುವುದರಿಂದ ಸ್ಮೃತಿಯ ಹೊರೆ ಬಹಳ ಕಡಿಮೆ.

ಆದರೆ ಅನನುಕೂಲಗಳೂ ಇವೆ. ಕಳುಹಿಸುವವರು ನಿಧಾನವಾಗಿದ್ದರೆ ಅನ್ವಯವೂ ಅಷ್ಟೇ ಹೊತ್ತು ಅವರ ಎದುರು ಕುಳಿತಿರಬೇಕಾಗುತ್ತದೆ. ಮಧ್ಯದಲ್ಲಿ ಸಂಪರ್ಕ ಕಡಿದರೆ ಅರ್ಧ ಬಂದ ಕಡತವನ್ನು ಗುರುತಿಸಿ ಅಳಿಸುವ ಜವಾಬ್ದಾರಿ ಅನ್ವಯದ ಮೇಲೆಯೇ ಬೀಳುತ್ತದೆ. ಹಿಂದೆ ಎರಡು ಅನ್ವಯ ಯಂತ್ರಗಳಿದ್ದು ಒಂದು ಕೈಕೊಟ್ಟರೆ, ಈಗಾಗಲೇ ಅದರತ್ತ ಹರಿಸಲು ತೊಡಗಿದ ಒಡಲನ್ನು ಇನ್ನೊಂದಕ್ಕೆ ತಿರುಗಿಸಲು ಬರುವುದಿಲ್ಲ. ಹರಿದುಹೋದ ನೀರು ಮರಳಿ ಬಾರದು. ಶೇಖರಣೆಯಲ್ಲಾದರೆ ಪೂರ್ತಿ ಒಡಲು ಕೈಯಲ್ಲಿಯೇ ಇರುತ್ತದೆ.

6. ಲೆಕ್ಕದ ಮೂಲಕ ತುಲನೆ

ಎರಡು ವಿಧಾನಗಳ ವ್ಯತ್ಯಾಸವನ್ನು ಒಂದು ಕಾಲ್ಪನಿಕ ಲೆಕ್ಕದಿಂದ ಸ್ಪಷ್ಟಪಡಿಸಿಕೊಳ್ಳಬಹುದು. ಸಿರುಗುಪ್ಪ ತಾಲ್ಲೂಕಿನ 60 ಕಾಮಗಾರಿ ಸ್ಥಳಗಳಿಂದ ಕಾಯಕ ಬಂಧುಗಳು ಒಂದೇ ಸಮಯಕ್ಕೆ ತಲಾ 4 ಎಂಬಿಯ ಛಾಯಾಚಿತ್ರ ಕಳುಹಿಸುತ್ತಿದ್ದಾರೆ ಎಂದು ಭಾವಿಸಲಾಗಿದೆ. ಪ್ರತಿ ಮೊಬೈಲಿನ ಕಳುಹಿಸುವ ವೇಗ 256 ಕೆಬಿಪಿಎಸ್. ಅನ್ವಯದಲ್ಲಿ ಏಕಕಾಲಕ್ಕೆ 8 ಕೋರಿಕೆಗಳನ್ನು ಮಾತ್ರ ನೋಡಿಕೊಳ್ಳಬಲ್ಲ 8 ಕಾರ್ಯಘಟಕಗಳಿವೆ.

4 ಎಂಬಿ ಎಂದರೆ ಸುಮಾರು 3 ಕೋಟಿ 35 ಲಕ್ಷ ಬಿಟ್‌ಗಳು. ಸೆಕೆಂಡಿಗೆ 2 ಲಕ್ಷ 56 ಸಾವಿರ ಬಿಟ್‌ಗಳಂತೆ ಸಾಗಿದರೆ ಒಂದು ಛಾಯಾಚಿತ್ರಕ್ಕೆ ಸುಮಾರು 130 ಸೆಕೆಂಡು ಬೇಕು.

ಹರಿವಿನ ವಿಧಾನದಲ್ಲಿ: ಮೊದಲ 8 ಜನರು 130 ಸೆಕೆಂಡು ಕಾಲ ಎಲ್ಲ ಘಟಕಗಳನ್ನೂ ಹಿಡಿದಿಡುತ್ತಾರೆ. 60 ಜನರ ಕೆಲಸ ಮುಗಿಯಲು 8 ಸರದಿಗಳು ಬೇಕು. ಒಟ್ಟು ಸುಮಾರು 1040 ಸೆಕೆಂಡು, ಅಂದರೆ 17 ನಿಮಿಷಕ್ಕೂ ಹೆಚ್ಚು. ಕೊನೆಯ ಸರದಿಯವರಿಗೆ ಅಷ್ಟರೊಳಗೆ ಕಾಲಮಿತಿ ಮುಗಿದು ಸಂಪರ್ಕ ಕಡಿಯುವ ಸಂಭವವೇ ಹೆಚ್ಚು. ಕಾಲುವೆಯ ಕೊನೆಭಾಗದ ರೈತರ ಪಾಡು ಇಲ್ಲಿ ಕೊನೆಯ ಸರದಿಯ ಕಾಯಕ ಬಂಧುಗಳದಾಗುತ್ತದೆ.

ಶೇಖರಣೆಯ ವಿಧಾನದಲ್ಲಿ: ಮುಂಬಾಗಿಲ ಸರ್ವರು ಸಾವಿರಾರು ಸಂಪರ್ಕಗಳನ್ನು ಒಟ್ಟಿಗೆ ನೋಡಿಕೊಳ್ಳಬಲ್ಲದು. ಅರುವತ್ತು ಛಾಯಾಚಿತ್ರಗಳೂ ಸಮಾನಾಂತರವಾಗಿ ಬಂದು ಸುಮಾರು 130 ಸೆಕೆಂಡಿನಲ್ಲಿ ಸೇರುತ್ತವೆ. ಮುಂಬಾಗಿಲಿನಿಂದ ಅನ್ವಯಕ್ಕೆ ಒಳಗಿನ ಜಾಲ 100 ಎಂಬಿಪಿಎಸ್ ವೇಗದ್ದಾದರೂ ಒಂದು ಛಾಯಾಚಿತ್ರ ಅರ್ಧ ಸೆಕೆಂಡಿಗೂ ಕಡಿಮೆ ಅವಧಿಯಲ್ಲಿ ದಾಟುತ್ತದೆ. ಒಟ್ಟು ಕೆಲಸ ಎರಡೂವರೆ ಮೂರು ನಿಮಿಷಗಳೊಳಗೆ ಮುಗಿಯುತ್ತದೆ.

ಶೇಖರಣೆಗೆ ತೆರಬೇಕಾದ ಬೆಲೆ ಡಿಸ್ಕಿನ ಜಾಗ: 60 ಛಾಯಾಚಿತ್ರಗಳಿಗೆ 240 ಎಂಬಿ. ತಾತ್ಕಾಲಿಕ ಕಡತಗಳಿಡುವ ಜಾಗ ತುಂಬಿದರೆ ಸಣ್ಣ ಕಡತವೂ ಸೇರದೆ 500 ಎಂಬ ದೋಷ ಬರುತ್ತದೆ. ತುಂಗಭದ್ರಾ ಜಲಾಶಯದ ಸಾಮರ್ಥ್ಯ ಹೂಳಿನಿಂದಾಗಿ ಸುಮಾರು 133 ಟಿಎಂಸಿಯಿಂದ 105.788 ಟಿಎಂಸಿಗೆ ಇಳಿದಿರುವುದು ಜಿಲ್ಲೆಯವರಿಗೆ ತಿಳಿದ ಸಂಗತಿ. ಅಳಿಸದೆ ಬಿಟ್ಟ ತಾತ್ಕಾಲಿಕ ಕಡತಗಳೂ ಅದೇ ರೀತಿ ಯಾರ ಗಮನಕ್ಕೂ ಬಾರದೆ ಡಿಸ್ಕನ್ನು ತುಂಬುತ್ತವೆ. ಆದುದರಿಂದ ಸರ್ವರ್ ನಿರ್ವಹಣೆಯಲ್ಲಿ ಡಿಸ್ಕಿನ ಖಾಲಿ ಜಾಗವನ್ನು ನಿಯತವಾಗಿ ನೋಡುವುದು ಅಗತ್ಯ.

ಹೀಗಾಗಿ ಒಂದು ವಿಧಾನ ಮೇಲು, ಇನ್ನೊಂದು ಕೀಳು ಎಂದು ಹೇಳಲಾಗದು. ಅನೇಕ ನಿಧಾನ ಜಾಲಗಳಿಂದ ಬರುವ ಸಣ್ಣ ಕಡತಗಳಿಗೆ ಶೇಖರಣೆ ಸೂಕ್ತ. ಕೆಲವೇ ಕಡೆಗಳಿಂದ ಬರುವ ಬಹು ದೊಡ್ಡ ಕಡತಗಳಿಗೆ ಹರಿವು ಸೂಕ್ತ. ಒಂದೇ ಜಾಲತಾಣದಲ್ಲಿ ವಿಳಾಸವಾರು ಎರಡನ್ನೂ ಬಳಸಬಹುದು.

7. ಗಾತ್ರದ ಮಿತಿಗಳ ಸರಪಳಿ

ಕಡತವೊಂದು ಸೇರಬೇಕಾದರೆ ಪ್ರತಿಯೊಂದು ಸ್ತರದ ಮಿತಿಯನ್ನೂ ದಾಟಬೇಕು. ಈ ಮಿತಿಗಳು ಒಂದಕ್ಕೊಂದು ಹೊಂದದಿರುವುದೇ ಅನೇಕ ತೊಂದರೆಗಳ ಮೂಲ. ಮೂಲ ಜೋಡಣೆಯಲ್ಲಿರುವ ಮಿತಿಗಳು ಹೀಗಿವೆ:

ಎಂಜಿನ್‌ಎಕ್ಸ್: ಒಡಲಿನ ಗರಿಷ್ಠ ಗಾತ್ರ 1 ಎಂಬಿ. ಮೀರಿದರೆ ದೋಷ ಸಂಖ್ಯೆ 413.
ಅಪಾಚೆ: 2022ರ 2.4.54ನೆಯ ಆವೃತ್ತಿಯಿಂದ 1 ಜಿಬಿ. ಅದಕ್ಕೂ ಹಿಂದಿನ ಆವೃತ್ತಿಗಳಲ್ಲಿ ಮಿತಿಯೇ ಇರಲಿಲ್ಲ.
ಪಿಎಚ್‌ಪಿ: ಒಂದು ಕಡತಕ್ಕೆ 2 ಎಂಬಿ, ಇಡೀ ಒಡಲಿಗೆ 8 ಎಂಬಿ, ಒಂದು ಕೋರಿಕೆಯಲ್ಲಿ 20 ಕಡತ.

ಇವುಗಳಲ್ಲಿ ಪಿಎಚ್‌ಪಿಯ 8 ಎಂಬಿ ಮಿತಿಯ ನಡವಳಿಕೆಯನ್ನು ವಿಶೇಷವಾಗಿ ಗಮನಿಸತಕ್ಕದ್ದು. ಒಡಲು ಅದನ್ನು ಮೀರಿದರೆ, ಕಡತ ಮಾತ್ರವಲ್ಲ, ನಮೂನೆಯಲ್ಲಿ ತುಂಬಿದ ಎಲ್ಲ ವಿವರಗಳೂ ಅನ್ವಯಕ್ಕೆ ಖಾಲಿಯಾಗಿ ಕಾಣಿಸುತ್ತವೆ. ಕುರುಗೋಡು ತಾಲ್ಲೂಕಿನ ಪಂಚಾಯತಿಯೊಂದರಲ್ಲಿ ಆಪರೇಟರು ಅರ್ಜಿದಾರರ ಹೆಸರು, ಸ್ವತ್ತಿನ ಸಂಖ್ಯೆ ಎಲ್ಲವನ್ನೂ ತುಂಬಿ, ತಲಾ 3 ಎಂಬಿಯ ಮೂರು ಪಿಡಿಎಫ್‌ಗಳನ್ನು ಲಗತ್ತಿಸಿ ಕಳುಹಿಸಿದರೆಂದು ಭಾವಿಸಬಹುದು. ಇಂತಹ ಜೋಡಣೆಯ ಸರ್ವರಿನಿಂದ "ಅರ್ಜಿದಾರರ ಹೆಸರು ಕಡ್ಡಾಯ" ಎಂಬ ಉತ್ತರ ಬರಬಹುದು. ಹೆಸರು ಕಣ್ಣೆದುರಿಗೇ ಇರುವಾಗ ಇಂತಹ ಉತ್ತರ ಬಂದರೆ, ಹೆಸರನ್ನು ಮತ್ತೆ ಮತ್ತೆ ತುಂಬುವ ಬದಲು ಲಗತ್ತುಗಳ ಒಟ್ಟು ಗಾತ್ರವನ್ನು ನೋಡಬೇಕು.

413ರ ವಿಷಯದಲ್ಲಿಯೂ ಇಂತಹುದೇ ಒಂದು ಗೊಂದಲವಿದೆ. ಹೆಡರಿನಲ್ಲಿರುವ ಗಾತ್ರವನ್ನು ನೋಡಿದ ಕೂಡಲೇ ಸರ್ವರು ತಿರಸ್ಕರಿಸಿ ಸಂಪರ್ಕ ಮುಚ್ಚಬಹುದು; ಬ್ರೌಸರು ಮಾತ್ರ ಇನ್ನೂ ಒಡಲನ್ನು ಕಳುಹಿಸುತ್ತಲೇ ಇರುತ್ತದೆ. ಅದರಿಂದ 413ರ ಬದಲು "ಸಂಪರ್ಕ ಕಡಿದಿದೆ" ಎಂಬ ಸಂದೇಶ ಪರದೆಗೆ ಬರುವುದುಂಟು. ಜಾಲ ಸರಿಯಿಲ್ಲವೆಂದು ತಿಳಿದು ಆಪರೇಟರು ಸಿಮ್ ಬದಲಿಸುತ್ತಾರೆ; ನಿಜವಾದ ಕಾರಣ ಕಡತದ ಗಾತ್ರವಾಗಿರುತ್ತದೆ.

ಇನ್ನೊಂದು ಅಂಶ: ಕೆಲವು ಆ್ಯಪ್‌ಗಳು ಛಾಯಾಚಿತ್ರವನ್ನು ಬೇಸ್ 64 ಎಂಬ ಅಕ್ಷರರೂಪಕ್ಕೆ ಪರಿವರ್ತಿಸಿ ಕಳುಹಿಸುತ್ತವೆ. ಈ ರೂಪದಲ್ಲಿ ಪ್ರತಿ 3 ಬೈಟುಗಳು 4 ಬೈಟುಗಳಾಗುತ್ತವೆ. ಮೊಬೈಲಿನಲ್ಲಿ 3 ಎಂಬಿ ಎಂದು ಕಾಣುವ ಚಿತ್ರ ಸರ್ವರಿನ ಬಾಗಿಲಿಗೆ 4 ಎಂಬಿಯಾಗಿ ಬರುತ್ತದೆ. ಮಿತಿಯನ್ನು ನಿಗದಿಪಡಿಸುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

8. ಕಾಲದ ಮಿತಿಗಳು

ಗಾತ್ರದಂತೆ ಕಾಲಕ್ಕೂ ಮಿತಿಗಳಿವೆ. ಎಂಜಿನ್‌ಎಕ್ಸ್‌ನ ಮೂಲ ಜೋಡಣೆಯಲ್ಲಿ ಒಡಲಿನ ಕಾಲಮಿತಿ 60 ಸೆಕೆಂಡು. ಇದು ಇಡೀ ಕಡತಕ್ಕೆ ನೀಡಿದ ಅವಧಿಯಲ್ಲ. ಒಂದು ಓದಿಗೂ ಮುಂದಿನ ಓದಿಗೂ ನಡುವೆ ಏನೂ ಬಾರದೆ 60 ಸೆಕೆಂಡು ಕಳೆದರೆ ಮಾತ್ರ ಸಂಪರ್ಕ ಮುಗಿಯುತ್ತದೆ. ಆದ್ದರಿಂದ ನಿಧಾನವಾದರೂ ನಿಲ್ಲದೆ ಸಾಗುವ ಕಡತ ಸೇರುತ್ತದೆ. ನಡುವೆ ಒಂದು ನಿಮಿಷ ಸಿಗ್ನಲ್ ಸಂಪೂರ್ಣ ಹೋದರೆ ಸೇರುವುದಿಲ್ಲ. ಅಪಾಚೆಯ ಕ್ರಮ ಬೇರೆ: ಒಡಲಿಗೆ ಮೊದಲು 20 ಸೆಕೆಂಡು ನೀಡಿ, ನಂತರ ಬರುವ ಪ್ರತಿ 500 ಬೈಟುಗಳಿಗೆ ಒಂದು ಸೆಕೆಂಡಿನಂತೆ ಅವಧಿಯನ್ನು ವಿಸ್ತರಿಸುತ್ತದೆ. ಎರಡರಲ್ಲಿಯೂ ಅವಧಿ ಮೀರಿದರೆ 408 ಎಂಬ ದೋಷ.

ಇಂತಹ ಮಿತಿಗಳಿಲ್ಲದಿದ್ದರೆ ಏನಾಗಬಹುದು ಎಂಬುದನ್ನು 2009ರಲ್ಲಿ ಸ್ಲೋಲೋರಿಸ್ ಎಂಬ ಸಾಧನ ತೋರಿಸಿಕೊಟ್ಟಿತು. ಹೆಡರನ್ನು ಬೇಕೆಂದೇ ಅತಿ ನಿಧಾನವಾಗಿ ಕಳುಹಿಸುತ್ತಾ, ಒಂದೇ ಕಂಪ್ಯೂಟರಿನಿಂದ ಸರ್ವರಿನ ಎಲ್ಲ ಸಂಪರ್ಕಗಳನ್ನೂ ಹಿಡಿದಿಟ್ಟು ಇತರರಿಗೆ ಬಾಗಿಲು ಮುಚ್ಚುವಂತೆ ಮಾಡಬಹುದೆಂದು ಅದರಿಂದ ಸ್ಪಷ್ಟವಾಯಿತು. ಒಡಲನ್ನು ನಿಧಾನವಾಗಿ ಕಳುಹಿಸಿಯೂ ಇದೇ ಹಾನಿ ಮಾಡಬಹುದು. ಹಾಗೆಂದು ಮಿತಿಯನ್ನು ಬಹಳ ಬಿಗಿ ಮಾಡಿದರೆ, ಹೊಲದ ಬದುವಿನಲ್ಲಿ ದುರ್ಬಲ ಸಿಗ್ನಲಿನೊಂದಿಗೆ ನಿಂತ ಪ್ರಾಮಾಣಿಕ ಬಳಕೆದಾರರೂ ದಾಳಿಕೋರರಂತೆಯೇ ಹೊರಗುಳಿಯುತ್ತಾರೆ. ಕಾಲಮಿತಿಯನ್ನು ನಿಗದಿಪಡಿಸುವಾಗ ಬಳ್ಳಾರಿ ನಗರದ ಕಚೇರಿಯ ಜಾಲವನ್ನಲ್ಲ, ಅತ್ಯಂತ ದುರ್ಬಲ ಸಿಗ್ನಲ್ ಇರುವ ಗ್ರಾಮದ ಜಾಲವನ್ನು ಅಳತೆಗೋಲಾಗಿ ಇಟ್ಟುಕೊಳ್ಳಬೇಕೆಂಬುದು ಇದರಿಂದ ತಿಳಿಯುತ್ತದೆ.

9. ಶೇಕಡಾ 100 ಎಂಬುದು ಸ್ವೀಕೃತಿಯಲ್ಲ

ಇಷ್ಟು ತಿಳಿದ ಮೇಲೆ ಪೀಠಿಕೆಯಲ್ಲಿ ಹೇಳಿದ ತಕರಾರಿಗೆ ಉತ್ತರ ದೊರೆಯುತ್ತದೆ. ಪರದೆಯ ಮೇಲಿನ ಪ್ರಗತಿ ಪಟ್ಟಿ ಬ್ರೌಸರಿನಿಂದ ಹೊರಟ ಬೈಟುಗಳನ್ನು ಮಾತ್ರ ಎಣಿಸುತ್ತದೆ. ಶೇಕಡಾ 100 ಎಂದರೆ ಲಕೋಟೆ ಕೈಬಿಟ್ಟಿತು ಎಂದಷ್ಟೇ ಅರ್ಥ. ಅದಾದ ಮೇಲೂ ಮೂರು ಬೇರೆ ಬೇರೆ ಸ್ಥಿತಿಗಳು ಸಾಧ್ಯ.

ಮೊದಲನೆಯದು: ಕೊನೆಯ ಕೆಲವು ಬೈಟುಗಳು ದಾರಿಯಲ್ಲಿರುವಾಗ ಸಂಪರ್ಕ ಕಡಿಯಿತು. ಮುಂಬಾಗಿಲ ಸರ್ವರು ಅಪೂರ್ಣ ಒಡಲನ್ನು ಬಿಸಾಡುತ್ತದೆ. ಶೇಖರಣೆಯ ವಿಧಾನವಿದ್ದರೆ ಅನ್ವಯಕ್ಕೆ ಈ ಪ್ರಯತ್ನದ ಸುಳಿವೇ ಇರುವುದಿಲ್ಲ. ಸಹಾಯವಾಣಿಯವರು ನೋಡುವುದು ಅನ್ವಯದ ದಾಖಲೆಯನ್ನು. ಅಲ್ಲಿ ಏನೂ ಇಲ್ಲದಿರುವುದು ನಿಜವೇ. ಆಪರೇಟರು ಕಳುಹಿಸಿದ್ದೂ ನಿಜವೇ. ಕುರುಹು ಉಳಿದಿರುವುದು ಮುಂಬಾಗಿಲ ಸರ್ವರಿನ ದಾಖಲೆಯಲ್ಲಿ ಮಾತ್ರ.

ಎರಡನೆಯದು: ಒಡಲು ಪೂರ್ತಿ ಬಂದಿತು, ಆದರೆ ಅನ್ವಯ ಸ್ಥಗಿತವಾಗಿತ್ತು ಅಥವಾ ಕಾಲಕ್ಕೆ ಸರಿಯಾಗಿ ಉತ್ತರಿಸಲಿಲ್ಲ. ಆಗ 502 ಅಥವಾ 504 ಎಂಬ ದೋಷ ಕಾಣುತ್ತದೆ.

ಮೂರನೆಯದು: ಅನ್ವಯವು ಕಡತವನ್ನು ದಾಖಲಿಸಿತು, ಆದರೆ ಅದರ ಉತ್ತರ ಮರಳುವ ಮೊದಲೇ ಆಪರೇಟರು ಬೇಸತ್ತು ಪುಟ ಮುಚ್ಚಿದರು. ಎಂಜಿನ್‌ಎಕ್ಸ್ ತನ್ನ ದಾಖಲೆಯಲ್ಲಿ ಇದನ್ನು 499 ಎಂದು ಬರೆದುಕೊಳ್ಳುತ್ತದೆ. ಇಲ್ಲಿ ಮತ್ತೊಮ್ಮೆ ಕಳುಹಿಸಿದರೆ ಒಂದೇ ಅರ್ಜಿ ಎರಡು ಬಾರಿ ದಾಖಲಾಗುವ ಅಪಾಯವಿದೆ.

ಟಪಾಲು ಶಾಖೆಯ ಮೊಹರಿಲ್ಲದ ಪತ್ರವನ್ನು ಯಾವ ಕಚೇರಿಯೂ ಸ್ವೀಕೃತವೆಂದು ಒಪ್ಪುವುದಿಲ್ಲ. ಅಂತರ್ಜಾಲದಲ್ಲಿಯೂ ಅದೇ ನಿಯಮ ಅನ್ವಯಿಸುತ್ತದೆ: ಅನ್ವಯ ತಂತ್ರಾಂಶ ನೀಡಿದ ಸ್ವೀಕೃತಿ ಸಂಖ್ಯೆಯೊಂದೇ ಕಡತ ಸೇರಿದ್ದಕ್ಕೆ ಆಧಾರ.

10. ಅನುಸರಿಸಬಹುದಾದ ಕ್ರಮಗಳು

ಕಡತ ಕಳುಹಿಸುವ ಸಿಬ್ಬಂದಿಗೆ:

(ಅ) ಕಳುಹಿಸುವ ಮೊದಲು ಗಾತ್ರ ನೋಡುವುದು. 4 ಎಂಬಿಯ ಚಿತ್ರವನ್ನು ಓದಲು ತೊಂದರೆಯಾಗದಂತೆ 400 ಕೆಬಿಗೆ ಇಳಿಸಿದರೆ, ಮೇಲಿನ ಉದಾಹರಣೆಯ ಜಾಲದಲ್ಲಿ 130 ಸೆಕೆಂಡಿನ ಕೆಲಸ 13 ಸೆಕೆಂಡಿಗೆ ಮುಗಿಯುತ್ತದೆ. ಸ್ಥಳದ ಗುರುತು ಬೇಕಾದ ಚಿತ್ರಗಳನ್ನು ಮಾತ್ರ ಸಂಬಂಧಿಸಿದ ಆ್ಯಪ್ ಹೊರತು ಬೇರೆಡೆ ಕುಗ್ಗಿಸಬಾರದು, ಗುರುತು ಅಳಿಸಿಹೋಗಬಹುದು.
(ಆ) ಪತ್ರಗಳ ಸ್ಕ್ಯಾನಿಗೆ ಬಣ್ಣದ ಬದಲು ಕಪ್ಪುಬಿಳುಪಿನ ಆಯ್ಕೆ ಬಳಸುವುದು. ಮೊಹರು ಮತ್ತು ಸಹಿ ಸ್ಪಷ್ಟವಾಗಿ ಕಾಣುವುದನ್ನು ಖಚಿತಪಡಿಸಿಕೊಳ್ಳುವುದು.
(ಇ) ಶೇಕಡಾ 100 ಆದ ನಂತರ ಸ್ವೀಕೃತಿ ಸಂಖ್ಯೆ ಬರುವವರೆಗೆ ಪುಟವನ್ನು ಮುಚ್ಚದಿರುವುದು, ಸಂಖ್ಯೆಯನ್ನು ವಹಿಯಲ್ಲಿ ಬರೆದುಕೊಳ್ಳುವುದು.
(ಈ) ಸಂಖ್ಯೆ ಬಾರದಿದ್ದರೆ, ಮರಳಿ ಕಳುಹಿಸುವ ಮೊದಲು ಹಿಂದಿನದು ದಾಖಲಾಗಿದೆಯೇ ಎಂದು ಪಟ್ಟಿಯಲ್ಲಿ ಹುಡುಕುವುದು.
(ಉ) ದೂರು ನೀಡುವಾಗ ದಿನಾಂಕ, ನಿಮಿಷದವರೆಗಿನ ಸಮಯ, ಕಡತದ ಗಾತ್ರ ಮತ್ತು ಪರದೆಯ ಮೇಲಿನ ದೋಷ ಸಂಖ್ಯೆಯನ್ನು ತಿಳಿಸುವುದು. ಮುಂಬಾಗಿಲ ಸರ್ವರಿನ ದಾಖಲೆಯಲ್ಲಿ ಕುರುಹು ಹುಡುಕಲು ಇವು ಬೇಕೇಬೇಕು.

ತಂತ್ರಾಂಶ ಸಿದ್ಧಪಡಿಸಿಕೊಳ್ಳುವ ಕಚೇರಿಗಳಿಗೆ:

(ಅ) ಮುಂಬಾಗಿಲು, ಅನ್ವಯ, ಆ್ಯಪ್ ಮೂರರಲ್ಲಿಯೂ ಗಾತ್ರದ ಮಿತಿ ಹೊಂದಿಕೊಂಡಿರಬೇಕು. ಬಳಕೆದಾರರಿಗೆ ತಿಳಿಸಿದ ಮಿತಿ ಎಲ್ಲಕ್ಕಿಂತ ಚಿಕ್ಕದಿರಬೇಕು. ಕಡತ ಹೊರಡುವ ಮೊದಲೇ ಪುಟದಲ್ಲಿಯೇ ಅದನ್ನು ಪರೀಕ್ಷಿಸಿ ಕನ್ನಡದಲ್ಲಿ ಸೂಚನೆ ನೀಡಬೇಕು.
(ಆ) ದೊಡ್ಡ ಕಡತಗಳನ್ನು ಭಾಗಗಳಾಗಿ ಕಳುಹಿಸಿ, ಸಂಪರ್ಕ ಕಡಿದರೆ ನಿಂತಲ್ಲಿಂದಲೇ ಮುಂದುವರಿಸುವ ವ್ಯವಸ್ಥೆಯನ್ನು ಕೇಳಿ ಪಡೆಯಬೇಕು.
(ಇ) ಪ್ರತಿ ಸಲ್ಲಿಕೆಗೂ ಮೊಬೈಲಿನಲ್ಲಿಯೇ ವಿಶಿಷ್ಟ ಸಂಖ್ಯೆಯೊಂದು ಹುಟ್ಟಬೇಕು. ಅದೇ ಸಂಖ್ಯೆ ಮತ್ತೆ ಬಂದರೆ ಅನ್ವಯವು ಹೊಸ ದಾಖಲೆ ಮಾಡದೆ ಹಳೆಯ ಸ್ವೀಕೃತಿಯನ್ನೇ ಮರಳಿಸಬೇಕು.
(ಈ) ಸಹಾಯವಾಣಿಗೆ ಅನ್ವಯದ ದಾಖಲೆಯಷ್ಟೇ ಅಲ್ಲದೆ ಮುಂಬಾಗಿಲ ಸರ್ವರಿನ ದಾಖಲೆಯೂ ನೋಡಲು ದೊರೆಯಬೇಕು. "ಗುರುತೇ ಇಲ್ಲ" ಎಂಬ ಉತ್ತರವನ್ನು ಎರಡನ್ನೂ ನೋಡಿದ ಮೇಲೆಯೇ ನೀಡಬೇಕು.

11. ಅಭ್ಯಾಸ

1. 256 ಕೆಬಿಪಿಎಸ್ ವೇಗದ ಜಾಲದಲ್ಲಿ ತಲಾ 4 ಎಂಬಿಯ ಆರು ಛಾಯಾಚಿತ್ರಗಳನ್ನು ಒಂದೇ ಕೋರಿಕೆಯಲ್ಲಿ ಕಳುಹಿಸಲು ಎಷ್ಟು ಸಮಯ ಬೇಕು? ಪಿಎಚ್‌ಪಿಯ ಮೂಲ ಜೋಡಣೆಯಲ್ಲಿ ಈ ಕೋರಿಕೆಯ ಗತಿಯೇನು?
2. ಎಂಜಿನ್‌ಎಕ್ಸ್‌ನ ಮೂಲ ಜೋಡಣೆಯಲ್ಲಿ 900 ಕೆಬಿಯ ಚಿತ್ರವನ್ನು ಬೇಸ್ 64 ರೂಪದಲ್ಲಿ ಕಳುಹಿಸಿದರೆ ಯಾವ ದೋಷ ಬರುತ್ತದೆ? ಕಾರಣವೇನು?
3. 499 ಮತ್ತು 408 ದೋಷಗಳಲ್ಲಿ ಯಾವ ಸಂದರ್ಭದಲ್ಲಿ ಮರುಸಲ್ಲಿಕೆಗೆ ಮುನ್ನ ಪಟ್ಟಿ ಹುಡುಕುವುದು ಹೆಚ್ಚು ಅಗತ್ಯ?

ಉತ್ತರಗಳು: (1) ಸುಮಾರು 13 ನಿಮಿಷ, ಒಡಲು 8 ಎಂಬಿಯನ್ನು ಮೀರುವುದರಿಂದ ನಮೂನೆಯ ಎಲ್ಲ ವಿವರಗಳೂ ಅನ್ವಯಕ್ಕೆ ಖಾಲಿಯಾಗಿ ತಲುಪುತ್ತವೆ. (2) 413, 900 ಕೆಬಿ ಮೂರನೆಯ ಒಂದು ಭಾಗ ಹಿಗ್ಗಿ 1200 ಕೆಬಿಯಾಗುತ್ತದೆ, ಮಿತಿ 1 ಎಂಬಿ. (3) 499, ಉತ್ತರ ಮರಳುವ ಮೊದಲು ಪುಟ ಮುಚ್ಚಿದ್ದರಿಂದ ಕಡತ ದಾಖಲಾಗಿರುವ ಸಾಧ್ಯತೆಯಿದೆ. 408ರಲ್ಲಿ ಒಡಲೇ ಪೂರ್ತಿ ಬಂದಿರುವುದಿಲ್ಲ.

ಈ ಪಾಠವನ್ನು ಪಂಚಾಯತಿ ಮಟ್ಟದ ಮಾಸಿಕ ಸಭೆಯಲ್ಲಿ ಕಾಯಕ ಬಂಧುಗಳ ಸಮ್ಮುಖದಲ್ಲಿ ಓದಿ ಚರ್ಚಿಸಿದರೆ ಹೆಚ್ಚು ಪ್ರಯೋಜನವಾಗುತ್ತದೆ. ಛಾಯಾಚಿತ್ರ ಕ್ಲಿಕ್ಕಿಸುವವರಿಗೂ, ಕಳುಹಿಸುವವರಿಗೂ, ಅದನ್ನು ನೋಡಿ ಕೂಲಿಯ ಪಟ್ಟಿ ಸಿದ್ಧಪಡಿಸುವವರಿಗೂ ಸ್ವೀಕೃತಿ ಸಂಖ್ಯೆಯ ಮಹತ್ವ ಒಂದೇ ರೀತಿಯಲ್ಲಿ ತಿಳಿದಿರಬೇಕು.